ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು: ಡಾಕ್ಟರ್ ವಿಲಿಯಂ ವಿದರಿಂಗ್

ಜೇಮ್ಸ್ ವಾಟ್ ಯಾರು ಅಂತ ನಮ್ಮ ಕ್ಯಾಂಪಸ್‌ನಲ್ಲಿ ಯಾರನ್ನು ಕೇಳಿದ್ರೂ ಹೇಳ್ತಾರೆ. ಬಲ್ಬಿನ ಮೇಲೆ ಬರೆದಿರೋ ವಾಟ್ ಅವನದೇ ಹೆಸರು. ಆಕ್ಸಿಜನ್ ಪಾಠದಲ್ಲಿ ಜೋಸೆಫ್ ಪ್ರೀಸ್ಟ್ಲಿ ಬರ್ತಾನೆ. ಎರಾಸ್ಮಸ್ ಡಾರ್ವಿನ್ ಹೆಸರು ಅಷ್ಟಾಗಿ ಕೇಳಿರದಿದ್ರೂ, ಚಾರ್ಲ್ಸ್ ಡಾರ್ವಿನ್‌ನ ತಾತ ಅಂದ ಕೂಡಲೇ ಮನೆತನ ಗೊತ್ತಾಗುತ್ತೆ. ಇವರೆಲ್ಲ 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ಇದ್ದ ಒಂದೇ ಗೆಳೆಯರ ಬಳಗದವರು. ಹುಣ್ಣಿಮೆಯ ಆಸುಪಾಸಿನಲ್ಲಿ ಸೇರಿ ಊಟ ಮಾಡಿ, ಉಗಿಯಂತ್ರ, ಗಾಳಿ, ಕಲ್ಲು, ಗಿಡ ಅಂತ ಸಿಕ್ಕಿದ್ದೆಲ್ಲ ಮಾತಾಡಿ ಮನೆಗೆ ಹೋಗ್ತಿದ್ರು. ಬೀದಿದೀಪ ಇಲ್ಲದ ಕಾಲ, ಕುದುರೆ ಮೇಲೆ ವಾಪಸ್ ಹೋಗೋಕೆ ಬೆಳದಿಂಗಳು ಬೇಕಿತ್ತು. ಅದಕ್ಕೇ ಬಳಗಕ್ಕೆ ಲೂನಾರ್ ಸೊಸೈಟಿ ಅಂತ ಹೆಸರು.

ಆ ಬಳಗದಲ್ಲಿ ಒಬ್ಬ ಡಾಕ್ಟರ್ ಇದ್ದ, ವಿಲಿಯಂ ವಿದರಿಂಗ್. ಮೆಡಿಕಲ್ ಓದುವವರಿಗೆ ಅವನ ಹೆಸರು ಚೆನ್ನಾಗಿ ಗೊತ್ತು, ನಮ್ಮ ಸಿಲಬಸ್‌ನಲ್ಲಿ ಎಲ್ಲೂ ಬರಲ್ಲ. ಬರಬೇಕಿತ್ತು ಅನ್ನೋದು ನಮ್ಮ ಅಭಿಪ್ರಾಯ. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಿನಲ್ಲಿ ಫೀಡ್‌ಬ್ಯಾಕ್ ಅಂತ ಏನನ್ನು ಓದ್ತೀವೋ ಅದನ್ನು ಅವನು ಮನುಷ್ಯರ ಮೈ ಮೇಲೆ, ಒಂದು ವಿಷದ ಗಿಡ ಇಟ್ಟುಕೊಂಡು, ಹತ್ತು ವರ್ಷ ಕಲಿತ.

ಕಥೆಗೆ ಮುಂಚೆ ಕಾಯಿಲೆ ಏನು ಅಂತ ಹೇಳಿಬಿಡೋಣ. ಹಾರ್ಟ್ ಫೇಲ್ಯೂರ್ ಅಂದ ತಕ್ಷಣ ಹೃದಯ ನಿಂತೇ ಹೋಯ್ತು ಅಂತ ತುಂಬ ಜನ ಅಂದುಕೊಳ್ತಾರೆ. ಹೃದಯ ನಡೀತಾನೇ ಇರುತ್ತೆ, ಆದ್ರೆ ಪಂಪ್ ಸೋತಿರುತ್ತೆ. ಪಂಪ್ ಮುಂದಕ್ಕೆ ತಳ್ಳದೇ ಇದ್ದರೆ ಹಿಂದೆ ಒತ್ತಡ ಏರುತ್ತೆ. ರಕ್ತನಾಳದಿಂದ ನೀರು ಸೋರಿ ಸುತ್ತಲಿನ ಮಾಂಸಕ್ಕೆ ಇಳಿಯುತ್ತೆ. ಮೊದಲು ಪಾದ ಊದಿಕೊಳ್ಳುತ್ತೆ, ಬೆರಳಲ್ಲಿ ಒತ್ತಿದ್ರೆ ಗುಳಿ ಬಿದ್ದು ಹಾಗೇ ಉಳಿಯುತ್ತೆ. ಆಮೇಲೆ ಕಾಲು, ಹೊಟ್ಟೆ, ಶ್ವಾಸಕೋಶ. ಮಲಗಿದ್ರೆ ಉಸಿರು ಕಟ್ಟುತ್ತೆ, ಹಾಗಾಗಿ ಎರಡು ಮೂರು ದಿಂಬು ಒರಗಿಸಿಕೊಂಡು ಕೂತೇ ರಾತ್ರಿ ಕಳೀತಾರೆ. ಕೆಟ್ಟ ವಿಷಯ ಏನಂದ್ರೆ, ಕಿಡ್ನಿಗೆ ಬರೋ ರಕ್ತ ಕಡಿಮೆ ಆದಾಗ ಮೈಯಲ್ಲಿ ನೀರೇ ಕಡಿಮೆ ಆಗಿದೆ ಅಂತ ಅದು ತಪ್ಪು ತಿಳಿದು ಉಪ್ಪನ್ನೂ ನೀರನ್ನೂ ಇನ್ನಷ್ಟು ಹಿಡಿದಿಟ್ಟುಕೊಳ್ಳುತ್ತೆ. ನೀರು ಹೆಚ್ಚಿದಷ್ಟೂ ಹೃದಯಕ್ಕೆ ಹೊರೆ, ಹೊರೆ ಹೆಚ್ಚಿದಷ್ಟೂ ನೀರು. ಪಾಸಿಟಿವ್ ಫೀಡ್‌ಬ್ಯಾಕ್ ಅಂದ್ರೆ ಹೆಸರಲ್ಲಷ್ಟೇ ಪಾಸಿಟಿವ್ ಅಂತ ಇಲ್ಲಿ ಅರ್ಥ ಆಗುತ್ತೆ.

ವಿದರಿಂಗ್ ಕಾಲದಲ್ಲಿ ಇದನ್ನು ಡ್ರಾಪ್ಸಿ ಅಂತಿದ್ರು, ಅಂದ್ರೆ ಮೈಯಲ್ಲಿ ನೀರು ತುಂಬೋ ರೋಗ. ನಮ್ಮ ಕಡೆ ಹೊಟ್ಟೆಯಲ್ಲಿ ನೀರು ತುಂಬೋದಕ್ಕೆ ಜಲೋದರ ಅಂತಾರಲ್ಲ, ಅದೂ ಇದರಲ್ಲೇ ಸೇರಿತ್ತು. ಹೃದಯದಿಂದ ಬಂತೋ, ಕಿಡ್ನಿಯಿಂದ ಬಂತೋ, ಲಿವರ್‌ನಿಂದ ಬಂತೋ ಅಂತ ಬೇರೆ ಮಾಡೋ ವಿದ್ಯೆ ಇನ್ನೂ ಬಂದಿರಲಿಲ್ಲ. ಕಿಡ್ನಿಯ ಡ್ರಾಪ್ಸಿಯನ್ನು ರಿಚರ್ಡ್ ಬ್ರೈಟ್ ಬೇರೆ ಮಾಡಿ ತೋರಿಸಿದ್ದು 1827ರಲ್ಲಿ. ಅಲ್ಲಿವರೆಗೆ ಎಲ್ಲಕ್ಕೂ ಒಂದೇ ಚಿಕಿತ್ಸೆ: ಹೊಟ್ಟೆಗೆ ಚುಚ್ಚಿ ನೀರು ತೆಗೆಯೋದು, ಭೇದಿಗೆ ಕೊಡೋದು, ಸ್ಕ್ವಿಲ್ ಅನ್ನೋ ಗಡ್ಡೆ ಕೊಟ್ಟು ಮೂತ್ರ ಬರಿಸೋಕೆ ನೋಡೋದು. ಈ ಸ್ಕ್ವಿಲ್ ನಮ್ಮ ಕಾಡೀರುಳ್ಳಿಗೆ ಹತ್ತಿರದ ಸಂಬಂಧಿ. ತುಂಬ ರೋಗಿಗಳು ಏನು ಕೊಟ್ರೂ ಉಳೀತಿರಲಿಲ್ಲ.

ವಿದರಿಂಗ್ ಹುಟ್ಟಿದ್ದು 1741ರಲ್ಲಿ, ಶ್ರಾಪ್‌ಶೈರ್‌ನ ವೆಲ್ಲಿಂಗ್ಟನ್ ಅನ್ನೋ ಊರಲ್ಲಿ. ಅಪ್ಪ ಔಷಧಿ ಕೊಡುವ ಕಸುಬಿನವನು. ಮಗ ಎಡಿನ್‌ಬರೋಗೆ ಹೋಗಿ 1766ರಲ್ಲಿ ಎಂಡಿ ಮುಗಿಸಿದ. ಅಲ್ಲಿ ಅವನಿಗೆ ಒಂದು ಸಬ್ಜೆಕ್ಟ್ ಕಂಡ್ರೆ ಆಗ್ತಿರಲಿಲ್ಲ, ಅದು ಬಾಟನಿ. ಗಿಡಗಳ ಬಗ್ಗೆ ಚೆನ್ನಾಗಿ ಮಾಡಿದವರಿಗೆ ಪ್ರೊಫೆಸರ್ ಚಿನ್ನದ ಪದಕ ಇಟ್ಟಿದ್ದ. ಆ ಪದಕದ ಆಸೆಗೂ ತನಗೆ ಈ ವಿಷಯದ ಮೇಲಿನ ಬೇಸರ ಹೋಗಲ್ಲ ಅಂತ ಇವನು ಮನೆಗೆ ಕಾಗದ ಬರೆದ. ಬೇಡದ ಎಲೆಕ್ಟಿವ್ ಸಿಕ್ಕವರು ಸಮಾಧಾನ ಮಾಡಿಕೊಳ್ಳಬಹುದು.

ಆಮೇಲೆ ಸ್ಟಾಫರ್ಡ್‌ನಲ್ಲಿ ಡಾಕ್ಟರಿಕೆ ಶುರು ಮಾಡಿದ. ಅಲ್ಲಿ ಹೆಲೆನಾ ಕುಕ್ಸ್ ಅನ್ನೋ ಹುಡುಗಿ ಅವನ ರೋಗಿಯಾಗಿ ಬಂದಳು. ಆಕೆಗೆ ಹೂಗಳ ಚಿತ್ರ ಬರೆಯೋ ಹುಚ್ಚು. ಚಿತ್ರಕ್ಕೆ ಹೂ ಬೇಕಲ್ಲ, ಡಾಕ್ಟರ್ ಸಾಹೇಬರು ರೋಗಿಗಳನ್ನು ನೋಡೋಕೆ ಹಳ್ಳಿಗಳಿಗೆ ಹೋಗಿ ಬರುವಾಗ ದಾರಿಯಲ್ಲಿ ಗಿಡ ಹುಡುಕಿ ತರೋಕೆ ಶುರು ಮಾಡಿದ್ರು. 1772ರಲ್ಲಿ ಮದುವೆ ಆಯ್ತು. 1776ರ ಹೊತ್ತಿಗೆ ಬ್ರಿಟನ್‌ನಲ್ಲಿ ತಾನಾಗೇ ಬೆಳೆಯೋ ಗಿಡಗಳ ಮೇಲೆ ಅವನ ದಪ್ಪ ಪುಸ್ತಕವೇ ಬಂತು, ಇಂಗ್ಲಿಷಿನಲ್ಲಿ, ಲಿನೇಯಸ್‌ನ ವರ್ಗೀಕರಣ ಹಿಡಿದು. ಒಂದು ತಮಾಷೆ: ಲಿನೇಯಸ್ ಹೂಗಳನ್ನು ಗಂಡು, ಹೆಣ್ಣು, ಮದುವೆ ಅಂತೆಲ್ಲ ಹೇಳಿದ್ದ ಮಾತುಗಳನ್ನು ಇವನು ಪೂರ್ತಿ ಕತ್ತರಿಸಿ ಹಾಕಿದ, ಹೆಣ್ಣುಮಕ್ಕಳು ಓದೋ ಪುಸ್ತಕ ಅಂತ. ಈ ವಿಷಯದಲ್ಲಿ ಎರಾಸ್ಮಸ್ ಡಾರ್ವಿನ್‌ಗೂ ಅವನಿಗೂ ಒಂದು ಚೂರೂ ಹೊಂದಾಣಿಕೆ ಇರಲಿಲ್ಲ. ಡಾರ್ವಿನ್ ಆ ಮಾತುಗಳನ್ನೇ ಇಟ್ಟುಕೊಂಡು ಆಮೇಲೆ ಕಾವ್ಯ ಬರೆದವನು.

ಆದ್ರೆ ವಿದರಿಂಗ್‌ನ್ನು ಬರ್ಮಿಂಗ್‌ಹ್ಯಾಮ್‌ಗೆ ಕರೆದವನೂ ಅದೇ ಡಾರ್ವಿನ್. 1775ರಲ್ಲಿ ಅಲ್ಲಿನ ಡಾಕ್ಟರ್, ಲೂನಾರ್ ಬಳಗದ ವಿಲಿಯಂ ಸ್ಮಾಲ್ ತೀರಿಕೊಂಡ. ಜಾಗ ಖಾಲಿ ಇದೆ, ಬಾ ಅಂತ ಡಾರ್ವಿನ್ ಬರೆದ. ವಿದರಿಂಗ್ ಹೋದ, ದುಡ್ಡೂ ಚೆನ್ನಾಗಿ ಬಂತು. ಜೊತೆಗೆ ದಿನಾ ಒಂದು ಗಂಟೆ ಮನೆಯಲ್ಲೇ ಬಡವರನ್ನು ಪುಕ್ಕಟೆಯಾಗಿ ನೋಡ್ತಿದ್ದ. ವರ್ಷಕ್ಕೆ ಎರಡರಿಂದ ಮೂರು ಸಾವಿರ ಜನ ಹಾಗೆ ಬರ್ತಿದ್ರು ಅಂತ ಅವನೇ ಲೆಕ್ಕ ಕೊಟ್ಟಿದ್ದಾನೆ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅದೇ 1775ರಲ್ಲಿ ಯಾರೋ ಅವನ ಮುಂದೆ ಒಂದು ಮನೆಮದ್ದಿನ ಚೀಟಿ ಇಟ್ಟು ಅಭಿಪ್ರಾಯ ಕೇಳಿದ್ರು. ಶ್ರಾಪ್‌ಶೈರ್‌ನ ಒಬ್ಬ ಅಜ್ಜಿ ತುಂಬ ಕಾಲದಿಂದ ಗುಟ್ಟಾಗಿ ಇಟ್ಟುಕೊಂಡಿದ್ದ ಮದ್ದು ಅದು. ದೊಡ್ಡ ದೊಡ್ಡ ಡಾಕ್ಟರುಗಳು ಕೈಬಿಟ್ಟ ಡ್ರಾಪ್ಸಿ ರೋಗಿಗಳು ಅಜ್ಜಿಯ ಮದ್ದಿನಿಂದ ಎದ್ದು ಓಡಾಡಿದ್ದುಂಟು. ಮದ್ದು ತಗೊಂಡವರಿಗೆ ಜೋರು ವಾಂತಿ ಭೇದಿ ಆಗ್ತಿತ್ತು. ಎಲ್ಲರ ಗಮನ ಅದರ ಮೇಲೇ, ಮೂತ್ರ ಹೆಚ್ಚಾಗಿದ್ದನ್ನು ಯಾರೂ ಅಷ್ಟು ನೋಡಿರಲಿಲ್ಲ. ಚೀಟಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೊಪ್ಪು ಬೇರು ಇದ್ದವು. ಗಿಡ ಗೊತ್ತಿದ್ದವನಿಗೆ ಕೆಲಸ ಮಾಡ್ತಿರೋದು ಯಾವುದು ಅಂತ ಹೇಳೋದು ಕಷ್ಟ ಆಗಲಿಲ್ಲ: ಫಾಕ್ಸ್‌ಗ್ಲೋವ್. ಉದ್ದ ಕಾಂಡದ ತುಂಬ ನೇರಳೆ ಬಣ್ಣದ ಗಂಟೆಯಂಥ ಹೂ ಬಿಡೋ, ಇಂಗ್ಲೆಂಡಿನ ಬೇಲಿ ಸಾಲಲ್ಲೆಲ್ಲ ಸಿಗೋ ಗಿಡ. ಹೂ ಬೆರಳಿಗೆ ಹಾಕೋ ಟೋಪಿ ಥರ ಇದೆ ಅಂತ ಲ್ಯಾಟಿನ್‌ನಲ್ಲಿ ಡಿಜಿಟಾಲಿಸ್. ಡಿಜಿಟಲ್ ಪದದ ಮೂಲವೂ ಅದೇ ಬೆರಳು. ವಿಷ ಅಂತ ಎಲ್ಲರಿಗೂ ಗೊತ್ತಿತ್ತು.

ಮೂಡ್ ಹಾಳು ಮಾಡೋ ಒಂದು ಮಾತು ಇಲ್ಲೇ ಹೇಳಬೇಕು. ಹುಡುಕಿದ್ರೆ ಆ ಅಜ್ಜಿಗೆ ಮದರ್ ಹಟನ್ ಅಂತ ಹೆಸರು, ಅವಳ ಹತ್ತಿರ ಮದ್ದು ಕೇಳ್ತಾ ನಿಂತಿರೋ ವಿದರಿಂಗ್‌ನ ಬಣ್ಣದ ಚಿತ್ರ, ಎಲ್ಲಾ ಸಿಗುತ್ತೆ. ಆ ಹೆಸರು ವಿದರಿಂಗ್ ಬರಹದಲ್ಲಿ ಎಲ್ಲೂ ಇಲ್ಲ. 1928ರಲ್ಲಿ ಒಂದು ಔಷಧ ಕಂಪನಿಯ ಜಾಹೀರಾತಿಗೆ ಬರೆಸಿದ ಚಿತ್ರದ ಜೊತೆ ಬಂದ ಹೆಸರು ಅದು. ನಿಜವಾದ ಅಜ್ಜಿ ಯಾರು ಅಂತ ಚರಿತ್ರೆಯಲ್ಲಿ ದಾಖಲಾಗಲೇ ಇಲ್ಲ. ಪಾಪ, ಇಷ್ಟೆಲ್ಲ ಶುರು ಮಾಡಿದವಳು ಅವಳು.

ವಿದರಿಂಗ್ ಬರೆದಿಟ್ಟ ಮೊದಲ ಕೇಸು 1775ರ ಡಿಸೆಂಬರ್ 8ರದು. ಸುಮಾರು ಐವತ್ತು ವರ್ಷದ ಮನುಷ್ಯ, ಮೊದಲು ಮನೆ ಕಟ್ಟಿಸೋ ಕೆಲಸ ಮಾಡ್ತಿದ್ದವನು, ಆಗ ಕೈ ಸೋತಿತ್ತು. ಉಸಿರು ಮೇಲೆ ಕೆಳಗೆ, ಮುಖ ಬಾಡಿದೆ, ಹೊಟ್ಟೆಯಲ್ಲಿ ನೀರು ತುಳುಕೋದು ಕೈಗೆ ಗೊತ್ತಾಗ್ತಿದೆ, ಮೂತ್ರ ತೀರ ಕಡಿಮೆ. ಫಾಕ್ಸ್‌ಗ್ಲೋವ್‌ನ ಹಸಿ ಎಲೆಯ ಕಷಾಯ ಕೊಟ್ಟ. ಕೆಲವು ದಿನ ಬಿಟ್ಟು ಬಿಟ್ಟು ವಾಕರಿಕೆ, ಜೊತೆಗೆ ಧಾರಾಳವಾಗಿ ಮೂತ್ರ. ಉಸಿರು ನಿಧಾನಕ್ಕೆ ಸರಾಗ ಆಯ್ತು, ಹೊಟ್ಟೆ ಇಳೀತು, ಹತ್ತು ದಿನಕ್ಕೆಲ್ಲ ಮನುಷ್ಯ ಹಸಿವಾಗಿ ಊಟ ಮಾಡೋಕೆ ಶುರು ಮಾಡಿದ.

ಇಲ್ಲಿಗೇ ಕಥೆ ಮುಗಿದಿದ್ರೆ ಇದು ಇನ್ನೊಂದು ಮನೆಮದ್ದಿನ ಫಾರ್ವರ್ಡ್ ಮೆಸೇಜ್ ಆಗ್ತಿತ್ತು. ಕಷ್ಟ ಇದ್ದದ್ದು ಡೋಸಿನಲ್ಲಿ. ಮೊದಮೊದಲು ತಾನು ವಿಪರೀತ ಕೊಟ್ಟೆ, ಬಹಳ ದಿನ ಕೊಟ್ಟೆ ಅಂತ ಅವನೇ ಬರೆದಿದ್ದಾನೆ. ಕಾರಣವನ್ನೂ ಹೇಳಿದ್ದಾನೆ. ಸ್ಕ್ವಿಲ್ ಕೊಟ್ಟಾಗ ವಾಕರಿಕೆ ಬಂದರೇನೇ ಮೂತ್ರ ಚೆನ್ನಾಗಿ ಬರುತ್ತೆ ಅಂತ ಡಾಕ್ಟರುಗಳ ಅನುಭವ. ಇದೂ ಹಾಗೇ ಇರಬೇಕು ಅಂತ ಇವನು ವಾಕರಿಕೆ ಬರೋ ತನಕ ಕೊಡ್ತಾ ಹೋದ. ಒಂದು ಸಿಸ್ಟಂನ ನಿಯಮ ತಗೊಂಡು ಇನ್ನೊಂದಕ್ಕೆ ಹಾಕಿದ್ದು. ರೋಗಿಗಳು ಒದ್ದಾಡಿದ್ರು.

1776ರ ಜುಲೈನಲ್ಲಿ ಡಾರ್ವಿನ್ ಜೊತೆ ಸೇರಿ ಒಬ್ಬ ಹೆಂಗಸನ್ನು ನೋಡೋಕೆ ಹೋದ. ಆಕೆಗೆ ಉಸಿರುಗಟ್ಟಿ ಪ್ರಾಣ ಹೋಗೋ ಹಾಗಿತ್ತು, ನಾಡಿ ಲಯ ತಪ್ಪಿತ್ತು. ಡಾರ್ವಿನ್ ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿ ಮುಗಿಸಿದ್ದ. ವಿದರಿಂಗ್ ಫಾಕ್ಸ್‌ಗ್ಲೋವ್ ಹೇಳಿದ. ಐದು ಸಲ ಕುಡಿದ ಮೇಲೆ ಆಕೆ ಜೋರಾಗಿ ವಾಂತಿ ಮಾಡಿದಳು, ಮೊದಲ 24 ಗಂಟೆಯಲ್ಲಿ ಎಂಟು ಕ್ವಾರ್ಟಿಗೂ ಹೆಚ್ಚು ಮೂತ್ರ ಹೋಯ್ತು. ನಮ್ಮ ಲೆಕ್ಕದಲ್ಲಿ ಏಳು ಲೀಟರಿಗೂ ಮೇಲೆ, ಅಂದ್ರೆ ಒಂದೇ ದಿನದಲ್ಲಿ ಏಳು ಕೆಜಿ ತೂಕ ಮೈಯಿಂದ ಇಳೀತು. ಆಕೆ ಬದುಕಿದಳು. ಈ ಕೇಸು ಆಮೇಲೆ ಇಬ್ಬರ ಗೆಳೆತನವನ್ನೇ ಮುರಿಯಿತು, ಅದಕ್ಕೆ ಬರ್ತೀವಿ.

ನಡುವೆ ಅವನು ಈ ಗಿಡದ ಮೇಲೆ ಸ್ವಲ್ಪ ಆಸಕ್ತಿ ಕಳೆದುಕೊಂಡಿದ್ದ. ಆಗ ಬರ್ಮಿಂಗ್‌ಹ್ಯಾಮ್‌ನ ಡಾಕ್ಟರ್ ಆಶ್ ಒಂದು ಸುದ್ದಿ ತಂದ. ಆಕ್ಸ್‌ಫರ್ಡ್‌ನ ಬ್ರೇಸ್‌ನೋಸ್ ಕಾಲೇಜಿನ ಪ್ರಿನ್ಸಿಪಾಲರಿಗೆ ಎದೆಯಲ್ಲಿ ನೀರು ತುಂಬಿ, ಹೆಸರಾಂತ ಡಾಕ್ಟರುಗಳೆಲ್ಲ ಇನ್ನು ಏನೂ ಆಗಲ್ಲ ಅಂದ ಮೇಲೆ, ಫಾಕ್ಸ್‌ಗ್ಲೋವ್ ಬೇರಿನಿಂದ ವಾಸಿಯಾಗಿತ್ತು. ಮತ್ತೆ ಶುರು ಮಾಡಿದ. ಈ ಸಲ ಇಂಜಿನಿಯರ್ ಥರ.

ಮೊದಲ ಪ್ರಶ್ನೆ ಕಚ್ಚಾ ಸಾಮಗ್ರಿಯದು. ಬೇರಿನ ಶಕ್ತಿ ಋತು ಬದಲಾದ ಹಾಗೆ ಬದಲಾಗುತ್ತೆ ಅಂತ ಬೇರನ್ನು ಬಿಟ್ಟ. ಎಲೆ ಸಾಕು ಅಂದುಕೊಂಡ. ಎಲೆಯಲ್ಲೂ ಎಳೇದು ಬೇರೆ, ಬಲಿತದ್ದು ಬೇರೆ. ಕೊನೆಗೆ ಗಿಡ ಹೂ ಬಿಡೋ ಹೊತ್ತಿನಲ್ಲಿ ಮಾತ್ರ ಎಲೆ ಕೀಳಬೇಕು ಅಂತ ನಿಯಮ ಮಾಡಿದ. ಕಷಾಯವನ್ನು ತುಂಬ ಕುದಿಸಿದ್ರೆ ಒಂದೊಂದು ಸಲ ಒಂದೊಂದು ಥರ ಆಗುತ್ತೆ, ಅದೂ ಬೇಡ. ಎಲೆ ಒಣಗಿಸಿ, ಪುಡಿ ಮಾಡಿ, ತೂಗಿ ಕೊಡೋದು. ದೊಡ್ಡವರಿಗೆ ಒಂದರಿಂದ ಮೂರು ಗ್ರೇನ್, ದಿನಕ್ಕೆ ಎರಡು ಸಲ. ಒಂದು ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ. ಇವತ್ತಿನ ಭಾಷೆಯಲ್ಲಿ ಇನ್‌ಪುಟ್‌ನ್ನು ಸ್ಟ್ಯಾಂಡರ್ಡೈಸ್ ಮಾಡಿದ. ಇದು ಚಿಕ್ಕ ವಿಷಯ ಅನಿಸಬಹುದು, ಆದ್ರೆ ಇನ್‌ಪುಟ್ ಎಷ್ಟು ಅಂತಲೇ ಗೊತ್ತಿಲ್ಲದವನು ಔಟ್‌ಪುಟ್ ನೋಡಿ ಏನು ಕಲಿತಾನೆ?

ಎರಡನೆಯದು ನಿಲ್ಲಿಸೋದು. ಅವನ ನಿಯಮ ಇಷ್ಟು: ಕಿಡ್ನಿ, ಹೊಟ್ಟೆ, ನಾಡಿ, ಕರುಳು, ಈ ನಾಲ್ಕರಲ್ಲಿ ಯಾವುದಾದ್ರೂ ಒಂದು ಬದಲಾಗೋ ತನಕ ಕೊಡಿ. ಯಾವುದಾದ್ರೂ ಒಂದು ಬದಲಾದ ಕ್ಷಣ ನಿಲ್ಲಿಸಿ. ಮೂತ್ರ ಹೆಚ್ಚಾಯ್ತಾ, ನಿಲ್ಲಿಸಿ. ವಾಕರಿಕೆ ಬಂತಾ, ನಿಲ್ಲಿಸಿ. ನಾಡಿ ನಿಧಾನ ಆಯ್ತಾ, ನಿಲ್ಲಿಸಿ. ನಾಲ್ಕು ಸೆನ್ಸರ್, ಯಾವುದು ಮೊದಲು ಹೊಡೆದ್ರೂ ಸಪ್ಲೈ ಕಟ್. ನಮಗೆ ಇದು ಓದಿದಾಗ ಮೈ ಜುಂ ಅಂತು. ಇದನ್ನು ಅವನು ಅಚ್ಚು ಹಾಕಿಸಿದ್ದು 1785ರಲ್ಲಿ. ಅವನ ಗೆಳೆಯ ವಾಟ್ ಉಗಿಯಂತ್ರಕ್ಕೆ ತಿರುಗೋ ಗುಂಡುಗಳ ಗವರ್ನರ್ ಅಳವಡಿಸಿದ್ದು 1788ರಲ್ಲಿ. ಒಂದರಿಂದ ಇನ್ನೊಂದು ಬಂತು ಅಂತ ನಾವು ಹೇಳ್ತಿಲ್ಲ, ಒಂದೇ ಊರು, ಒಂದೇ ಬಳಗ ಅಂತ ಮಾತ್ರ.

ಇನ್ನೊಂದು ಸೂಕ್ಷ್ಮ ಅವನ ಕಣ್ಣಿಗೆ ಬಿದ್ದಿತ್ತು. ಔಷಧಿ ಕೊಟ್ಟ ತಕ್ಷಣ ಪರಿಣಾಮ ಕಾಣಲ್ಲ. ನಿಲ್ಲಿಸಿದ ಮೇಲೂ ವಾಕರಿಕೆ ದಿನಗಟ್ಟಲೆ ಬರ್ತಾ ಇರುತ್ತೆ. ಅಂದ್ರೆ ಮೈಯಲ್ಲಿ ಶೇಖರ ಆಗುತ್ತೆ. ಸಿಸ್ಟಂನಲ್ಲಿ ಡಿಲೇ ಇದ್ದಾಗ ಗುರಿ ಮುಟ್ಟಿದ್ದು ಕಣ್ಣಿಗೆ ಕಾಣೋ ತನಕ ಕಾದ್ರೆ ಓವರ್‌ಶೂಟ್ ಗ್ಯಾರಂಟಿ. ಹಾಗಾಗಿ ಡೋಸ್ ಸಣ್ಣದಿರಲಿ, ನಡುವೆ ಅಂತರ ಇರಲಿ ಅಂದ. ನೇರಳೆ ಫಾಕ್ಸ್‌ಗ್ಲೋವ್‌ನ ಮುಖ್ಯ ರಾಸಾಯನಿಕ ಡಿಜಿಟಾಕ್ಸಿನ್ ಮೈಯಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು ಒಂದು ವಾರ ಹಿಡಿಯುತ್ತೆ ಅಂತ ನಮಗೆ ಈಗ ಗೊತ್ತು. ಅವನಿಗೆ ರಾಸಾಯನಿಕದ ಹೆಸರೂ ಗೊತ್ತಿರಲಿಲ್ಲ, ಗ್ರಾಫೂ ಇರಲಿಲ್ಲ. ರೋಗಿ ಹಾಸಿಗೆ ಪಕ್ಕ ಕೂತು ಎಣಿಸಿದ್ದು ಅಷ್ಟೇ.

ಅತಿಯಾದ್ರೆ ಏನಾಗುತ್ತೆ ಅಂತಲೂ ಮುಚ್ಚುಮರೆ ಇಲ್ಲದೆ ಬರೆದ. ವಾಂತಿ, ಭೇದಿ, ತಲೆ ಸುತ್ತು, ಕಣ್ಣಿಗೆ ಎಲ್ಲಾ ಹಸಿರಾಗಿ ಹಳದಿಯಾಗಿ ಕಾಣೋದು, ನಾಡಿ ನಿಮಿಷಕ್ಕೆ 35ಕ್ಕೆ ಇಳಿಯೋದು, ತಣ್ಣನೆ ಬೆವರು, ಸೆಳೆತ, ಸಾವು. ನಮ್ಮ ಹೈವೇ ಡಿವೈಡರ್‌ಗಳಲ್ಲಿ ಚೆಂದವಾಗಿ ಹೂ ಬಿಟ್ಟು ನಿಂತಿರುತ್ತಲ್ಲ ಕಣಗಿಲೆ, ಅದರಲ್ಲೂ ಇದೇ ಜಾತಿಯ ವಿಷ ಇದೆ. ದಯವಿಟ್ಟು ಯಾರೂ ವಿದರಿಂಗ್ ಆಗೋಕೆ ಹೋಗಬೇಡಿ.

ಈಗ ಜಗಳಕ್ಕೆ ಬರೋಣ. ಎರಾಸ್ಮಸ್ ಡಾರ್ವಿನ್‌ಗೆ ಚಾರ್ಲ್ಸ್ ಅಂತ ಮಗನಿದ್ದ, ಎಡಿನ್‌ಬರೋನಲ್ಲಿ ಮೆಡಿಕಲ್ ಓದ್ತಿದ್ದ. ನಾವೆಲ್ಲ ಓದಿರೋ ಚಾರ್ಲ್ಸ್ ಅಲ್ಲ, ಅವನ ದೊಡ್ಡಪ್ಪ. ಆ ಹುಡುಗ 1778ರಲ್ಲಿ, ಇಪ್ಪತ್ತು ತುಂಬೋ ಮುಂಚೆಯೇ ತೀರಿಕೊಂಡ. ನಮ್ಮದೇ ವಯಸ್ಸು. ಅಪ್ಪ ಮಗನ ಬರಹವನ್ನು 1780ರಲ್ಲಿ ಅಚ್ಚು ಹಾಕಿಸಿ, ಕೊನೆಯಲ್ಲಿ ಫಾಕ್ಸ್‌ಗ್ಲೋವ್ ಕೊಟ್ಟ ಕೆಲವು ಕೇಸುಗಳನ್ನು ಸೇರಿಸಿದ. ಅದರಲ್ಲಿ ಇಬ್ಬರೂ ಸೇರಿ ನೋಡಿದ್ದ ಆ ಹೆಂಗಸಿನ ಕೇಸೂ ಇತ್ತು, ವಿದರಿಂಗ್ ಹೆಸರು ಮಾತ್ರ ಇರಲಿಲ್ಲ. ಸತ್ತ ಮಗನ ಮೇಲಿನ ಪ್ರೀತಿಯಲ್ಲಿ ಅಪ್ಪ ಹಾಗೆ ಮಾಡಿದ ಅಂತ ಹೇಳಬಹುದು. ಆದ್ರೆ 1785ರ ಶುರುವಿನಲ್ಲಿ ಡಾರ್ವಿನ್ ಲಂಡನ್ನಿನ ಡಾಕ್ಟರುಗಳ ಕಾಲೇಜಿಗೆ ಇದೇ ಔಷಧಿಯ ಮೇಲೆ ಮತ್ತೊಂದು ಲೇಖನ ಕಳಿಸಿದ, ಅಲ್ಲೂ ವಿದರಿಂಗ್ ಇಲ್ಲ. ಇದಕ್ಕೆ ನಮ್ಮ ಹತ್ತಿರ ಸಮಜಾಯಿಷಿ ಇಲ್ಲ. ಗ್ರೂಪ್ ಪ್ರಾಜೆಕ್ಟ್ ಮಾಡಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಇಬ್ಬರ ಸಂಬಂಧ ಮುರಿದುಬಿತ್ತು. ಮುಂದೆ 1788ರಲ್ಲಿ ಡಾರ್ವಿನ್‌ನ ಇನ್ನೊಬ್ಬ ಮಗ ರಾಬರ್ಟ್ ಜೊತೆಗೂ ಒಬ್ಬ ರೋಗಿಯ ವಿಷಯಕ್ಕೆ ವಿದರಿಂಗ್ ಬಹಿರಂಗವಾಗೇ ಕಿತ್ತಾಡಿದ. ಸುಲಭದ ಮನುಷ್ಯ ಆಗಿರಲಿಲ್ಲ ಅವನು. ಮುಂಗೋಪಿ, ಬಿಗಿ. ಕ್ರೆಡಿಟ್ ವಿಷಯದಲ್ಲಿ ತನಗಾದ ಅನ್ಯಾಯವನ್ನು ಅಷ್ಟು ನೆನಪಿಟ್ಟವನು ಅಜ್ಜಿಯ ಹೆಸರು ಬರೆದಿಡಬಹುದಿತ್ತು ಅಂತ ನಮಗೆ ಅನಿಸುತ್ತೆ.

ಅಷ್ಟರಲ್ಲಿ ಫಾಕ್ಸ್‌ಗ್ಲೋವ್ ಸುದ್ದಿ ಹಬ್ಬಿತ್ತು. 1783ರಲ್ಲಿ ಎಡಿನ್‌ಬರೋದ ಔಷಧ ಸೂಚಿಗೂ ಸೇರಿತು. ವಿದರಿಂಗ್‌ಗೆ ಇದರಿಂದ ಸಂತೋಷಕ್ಕಿಂತ ಭಯ ಹೆಚ್ಚಾಯ್ತು. ಗೊತ್ತಿಲ್ಲದವರು ತಾನು ಮೊದಲು ಕೊಟ್ಟ ಹಾಗೆ ವಿಪರೀತ ಕೊಡ್ತಿದ್ರು. ಇವರು ನಾಲ್ಕು ಜನರನ್ನು ಕೊಂದರೆ ಒಳ್ಳೆ ಔಷಧಿಯನ್ನು ಜಗತ್ತೇ ಮತ್ತೆ ಬಿಸಾಡುತ್ತೆ. ಹಾಗಾಗಿ 1785ರಲ್ಲಿ ಕೂತು ಪುಸ್ತಕ ಮುಗಿಸಿದ, ಫಾಕ್ಸ್‌ಗ್ಲೋವ್‌ನ ಬಣ್ಣದ ಚಿತ್ರ ಮುಂದೆ ಹಾಕಿ.

ಆ ಪುಸ್ತಕದ ಬೆನ್ನೆಲುಬು ಅಂದ್ರೆ ಕೇಸುಗಳು, ನೂರೈವತ್ತಕ್ಕೂ ಹೆಚ್ಚು. ಗೆದ್ದದ್ದನ್ನು ಮಾತ್ರ ಆರಿಸಿ ಹಾಕಿದ್ರೆ ಔಷಧಿಗೂ ತನಗೂ ಹೆಸರು ಬರುತ್ತಿತ್ತು ಅಂತ ಅವನಿಗೆ ಗೊತ್ತಿತ್ತು, ಅದನ್ನು ಬಾಯಿಬಿಟ್ಟೇ ಹೇಳಿದ. ಹಾಗೆ ಮಾಡಲ್ಲ ಅಂತಲೂ ಹೇಳಿದ. ಸರಿಯಾಗಿ ಕೊಟ್ಟದ್ದು, ತಪ್ಪಾಗಿ ಕೊಟ್ಟದ್ದು, ಬದುಕಿದವರು, ಸತ್ತವರು, ತಾನು ಈ ಔಷಧಿ ಕೊಟ್ಟ ಪ್ರತಿಯೊಬ್ಬರನ್ನೂ ಇಸವಿ ಪ್ರಕಾರ ಬರೆದ. ಬಡವರ ಸಾವಿರಾರು ಭೇಟಿಗಳ ವಿವರ ಅವನ ಹತ್ತಿರ ಬರವಣಿಗೆಯಲ್ಲಿ ಇರಲಿಲ್ಲವಾದ್ರೂ, ಕೈ ಪಳಗಿದ್ದು ಅವರಿಂದ. ಅದು ಒಳ್ಳೆಯದೋ ಕೆಟ್ಟದ್ದೋ ಅಂತ ನಾವು ತುಂಬ ಚರ್ಚೆ ಮಾಡಿದ್ವಿ. ಪುಕ್ಕಟೆ ಚಿಕಿತ್ಸೆಗೆ ಬಂದವರ ಮೇಲೆ ವಿಷದ ಡೋಸ್ ಕಲಿಯೋದು ಇವತ್ತು ಯಾವ ಎಥಿಕ್ಸ್ ಕಮಿಟಿಯೂ ಒಪ್ಪಲ್ಲ. ಅವನ ಕಾಲದಲ್ಲಿ ಕಮಿಟಿಯೇ ಇರಲಿಲ್ಲ. ಗ್ರಾಫಿನ ಗೆರೆಗೆ ಸೇರದ ಪಾಯಿಂಟುಗಳನ್ನು ಅವನು ಅಳಿಸಲಿಲ್ಲ ಅನ್ನೋದಷ್ಟೇ ಅವನ ಪರವಾಗಿ ಹೇಳಬಹುದು. ನಮ್ಮ ದೃಷ್ಟಿಯಲ್ಲಿ ಅದು ಸಣ್ಣದಲ್ಲ.

ಪುಸ್ತಕದಲ್ಲಿ ಯಾರಿಗೆ ಈ ಔಷಧಿ ನಾಟುತ್ತೆ ಅಂತಲೂ ಇದೆ. ಗಟ್ಟಿಮುಟ್ಟಾದ, ಮೈ ಬಿಸಿ ಇರೋ, ನಾಡಿ ಬಿಗಿಯಾಗಿರೋ ರೋಗಿಗೆ ಕೆಲಸ ಮಾಡಲ್ಲ. ಬಿಳಿಚಿಕೊಂಡ ಮುಖ, ನೀಲಿ ತುಟಿ, ತಣ್ಣನೆ ಮೈ, ದುರ್ಬಲವಾಗಿ ಲಯ ತಪ್ಪಿದ ನಾಡಿ ಇದ್ದವರಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ಇವತ್ತಿನ ಯಾವ ಡಾಕ್ಟರ್ ಓದಿದ್ರೂ ಎರಡನೆಯದು ಹೃದಯದ ರೋಗಿ ಅಂತ ಹೇಳ್ತಾರೆ. ಈ ಔಷಧಿಗೆ ಹೃದಯದ ಬಡಿತದ ಮೇಲೆ ಬೇರೆ ಯಾವುದಕ್ಕೂ ಇಲ್ಲದ ಹಿಡಿತ ಇದೆ, ಅದನ್ನು ಮುಂದೆ ಉಪಯೋಗಕ್ಕೆ ತರಬಹುದು ಅಂತ ಒಂದು ಕಡೆ ಬರೆದೂ ಇದ್ದಾನೆ. ಆದ್ರೂ ಕೊನೆವರೆಗೆ ಅವನಿಗೆ ಅದು ಮೂತ್ರ ಬರಿಸೋ ಔಷಧಿಯೇ. ಪಂಪ್ ರಿಪೇರಿ ಆಗಿದ್ದರಿಂದ ನೀರು ಹೋಗ್ತಿದೆ ಅಂತ ಹೊಳೆಯಲಿಲ್ಲ. ಬಾಗಿಲ ತನಕ ಬಂದು ನಿಂತುಬಿಟ್ಟ.

ಒಳಗೆ ನಡೆಯೋದು ಇಷ್ಟು. ನಮ್ಮ ಪ್ರತಿ ಜೀವಕೋಶದ ಗೋಡೆಯಲ್ಲಿ ಸೋಡಿಯಂ ಹೊರಗೆ, ಪೊಟ್ಯಾಸಿಯಂ ಒಳಗೆ ತಳ್ಳೋ ಒಂದು ಪಂಪ್ ಇದೆ. ಯೆನ್ಸ್ ಸ್ಕೌ 1957ರಲ್ಲಿ ತೋರಿಸಿದ, 1997ರಲ್ಲಿ ನೊಬೆಲ್ ಬಂತು. ಡಿಜಿಟಾಲಿಸ್ ಆ ಪಂಪನ್ನು ಸ್ವಲ್ಪ ತಡೆಯುತ್ತೆ. ಹೃದಯದ ಜೀವಕೋಶದಲ್ಲಿ ಸೋಡಿಯಂ ಏರುತ್ತೆ, ಅದರಿಂದ ಕ್ಯಾಲ್ಸಿಯಂ ಹೊರಗೆ ಹೋಗೋದು ಕಡಿಮೆ ಆಗುತ್ತೆ, ಕ್ಯಾಲ್ಸಿಯಂ ಹೆಚ್ಚಿದ್ರೆ ಸ್ನಾಯು ಜೋರಾಗಿ ಹಿಂಡುತ್ತೆ. ಜಾಸ್ತಿ ತಡೆದ್ರೆ ಲಯವೇ ಕೆಟ್ಟು ಪ್ರಾಣ ಹೋಗುತ್ತೆ. ಔಷಧಿಗೂ ವಿಷಕ್ಕೂ ನಡುವಿನ ಗೆರೆ ಅಷ್ಟು ಸಣ್ಣದಿರೋದಕ್ಕೆ ಕಾರಣ ಇದೇ, ಎರಡೂ ಒಂದೇ ಸ್ವಿಚ್ಚು.

ಇವತ್ತು ಹೃದಯ ಸೋತು ಮೈಯಲ್ಲಿ ನೀರು ತುಂಬಿದವರಿಗೆ ಮೊದಲು ಕೊಡೋದು ಫ್ಯೂರೋಸೆಮೈಡ್, ನೇರವಾಗಿ ಕಿಡ್ನಿ ಮೇಲೆ ಕೆಲಸ ಮಾಡೋದು. ಅದೊಂದರಿಂದ ನೀರು ಇಳಿಯದಿದ್ರೆ ಅದರ ಜೊತೆಗೆ ಬೇರೆ ಸೇರಿಸ್ತಾರೆ. ಕಿಡ್ನಿಯ ಕೊಳವೆಯಲ್ಲಿ ಒಂದು ಕಡೆ ಉಪ್ಪು ವಾಪಸ್ ಹೋಗೋದನ್ನು ತಡೆದ್ರೆ ಅದು ಮುಂದಿನ ತಿರುವಿನಲ್ಲಿ ವಾಪಸ್ ಹೋಗುತ್ತೆ, ಹಾಗಾಗಿ ಅಲ್ಲೂ ಒಂದು ಬಾಗಿಲು ಹಾಕಬೇಕು. ಥಯಾಜೈಡ್ ಜಾತಿಯವು, ಸ್ಪೈರೊನೊಲ್ಯಾಕ್ಟೋನ್, ಮೊದಲು ಸಕ್ಕರೆ ಕಾಯಿಲೆಗೆ ಅಂತ ಬಂದ ಎಸ್‌ಜಿಎಲ್‌ಟಿ2 ತಡೆಯೋ ಮಾತ್ರೆಗಳು, ಒಂದೊಂದಕ್ಕೂ ಒಂದೊಂದು ಜಾಗ. 2022ರಲ್ಲಿ ಬೆಲ್ಜಿಯಂನ ಅಧ್ಯಯನವೊಂದರಲ್ಲಿ 519 ರೋಗಿಗಳ ಪೈಕಿ ಅರ್ಧದಷ್ಟು ಜನಕ್ಕೆ ಜೊತೆಗೆ ಅಸೆಟಜೋಲಮೈಡ್ ಕೊಟ್ರು. ಮೂರು ದಿನದಲ್ಲಿ ನೀರು ಪೂರ್ತಿ ಇಳಿದವರು ನೂರಕ್ಕೆ 42, ಕೊಡದವರಲ್ಲಿ ಸುಮಾರು 30. ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ವಿದರಿಂಗ್‌ನ ಗಿಡ ಈ ಸಾಲಿನಲ್ಲಿ ಹಿಂದಿನ ಬೆಂಚಿಗೆ ಹೋಗಿದೆ. 1930ರಲ್ಲಿ ಅದರ ತಂಗಿ ಜಾತಿಯೊಂದರಿಂದ ಡಿಗಾಕ್ಸಿನ್ ಬೇರ್ಪಡಿಸಿದ್ರು, ಆ ಮಾತ್ರೆ ಈಗಲೂ ಇದೆ. 1997ರಲ್ಲಿ 6,800 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಡಿಗಾಕ್ಸಿನ್ ಸಾವನ್ನು ತಪ್ಪಿಸಲಿಲ್ಲ, ಆದ್ರೆ ಹೃದಯ ಸೋತು ಆಸ್ಪತ್ರೆ ಸೇರೋದು ಶೇ. 28ರಷ್ಟು ಕಡಿಮೆ ಆಯ್ತು. ಬೇರೆ ಔಷಧಿಗಳ ಜೊತೆ, ಕೆಲವರಿಗೆ, ಹುಷಾರಾಗಿ ಕೊಡ್ತಾರೆ. ಹುಷಾರು ಯಾಕೆ ಅಂದ್ರೆ, ನೀರು ತೆಗೆಯೋ ಹಲವು ಔಷಧಿಗಳು ಮೈಯ ಪೊಟ್ಯಾಸಿಯಂನ್ನೂ ತೆಗೀತವೆ, ಪೊಟ್ಯಾಸಿಯಂ ಕಡಿಮೆ ಆದಾಗ ಡಿಗಾಕ್ಸಿನ್ ಆ ಪಂಪಿಗೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ನಿನ್ನೆವರೆಗೆ ಸರಿಯಾಗಿದ್ದ ಡೋಸ್ ಇವತ್ತು ವಿಷ. ಒಂದರ ಜೊತೆ ಇನ್ನೊಂದು ಸೇರಿಸೋದು ಬರೀ ಕೂಡಿಸೋ ಲೆಕ್ಕ ಅಲ್ಲ.

ವಿದರಿಂಗ್‌ನ ಉಳಿದ ಬದುಕು ಬೇಗ ಹೇಳಿಬಿಡಬಹುದು. 1785ರಲ್ಲಿ ರಾಯಲ್ ಸೊಸೈಟಿಗೆ ಆಯ್ಕೆಯಾದ. ಖನಿಜಗಳ ಹುಚ್ಚೂ ಇತ್ತು, ಅವನು ಪರೀಕ್ಷೆ ಮಾಡಿದ ಬೇರಿಯಂ ಕಾರ್ಬೊನೇಟ್ ಖನಿಜಕ್ಕೆ ವಿದರೈಟ್ ಅಂತ ಹೆಸರಾಯ್ತು. 1791ರ ಜುಲೈನಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ದಂಗೆ ಎದ್ದು ಜನ ಪ್ರೀಸ್ಟ್ಲಿಯ ಮನೆ, ಲ್ಯಾಬು ಸುಟ್ಟು ಹಾಕಿದ್ರು. ಗುಂಪು ವಿದರಿಂಗ್ ಬಾಡಿಗೆಗೆ ಇದ್ದ ಎಡ್ಜ್‌ಬಾಸ್ಟನ್ ಹಾಲ್ ಕಡೆಗೂ ಬಂತು, ಸೈನ್ಯ ಬಂದಿದ್ದಕ್ಕೆ ಮನೆ ಉಳೀತು.

ಅಷ್ಟೊತ್ತಿಗೆ ಅವನ ಶ್ವಾಸಕೋಶವನ್ನು ಕ್ಷಯ ತಿಂತಾ ಇತ್ತು. ಬೇರೆಯವರ ಉಸಿರು ಸರಾಗ ಮಾಡಿದವನು ತನ್ನ ಉಸಿರಿಗಾಗಿ ಎರಡು ಚಳಿಗಾಲ ಪೋರ್ಚುಗಲ್‌ಗೆ ಹೋಗಿ ಕಳೆದ. ಅಲ್ಲೂ ಸುಮ್ಮನೆ ಕೂರದೆ ಕಾಲ್ಡಸ್ ಅನ್ನೋ ಊರಿನ ಬಿಸಿನೀರಿನ ಬುಗ್ಗೆಯ ನೀರನ್ನು ವಿಶ್ಲೇಷಣೆ ಮಾಡಿ ಬರೆದ. ಕ್ಷಯಕ್ಕೆ ಫಾಕ್ಸ್‌ಗ್ಲೋವ್‌ನಿಂದ ಏನೂ ಆಗ್ತಿರಲಿಲ್ಲ. ಅವನು ಸತ್ತ ಮೇಲೆ ಡಾಕ್ಟರುಗಳು ಅದನ್ನು ಕ್ಷಯ, ಜ್ವರ ಅಂತ ಸಿಕ್ಕಸಿಕ್ಕಿದ್ದಕ್ಕೆಲ್ಲ, ಸಿಕ್ಕಾಪಟ್ಟೆ ಡೋಸಿನಲ್ಲಿ ಕೊಟ್ರು. ನೂರು ವರ್ಷದ ಮೇಲೆ ಮತ್ತೆ ಹೃದಯದ ಕಡೆಗೆ, ಸಣ್ಣ ಡೋಸಿನ ಕಡೆಗೆ ಬರಬೇಕಾಯ್ತು.

ವಿದರಿಂಗ್ ಅನ್ನೋ ಪದಕ್ಕೆ ಇಂಗ್ಲಿಷಿನಲ್ಲಿ ಬಾಡ್ತಿರೋದು ಅಂತ ಅರ್ಥ. ಅವನು ಹಾಸಿಗೆ ಹಿಡಿದಾಗ ವೈದ್ಯರ ಹೂವೇ ಬಾಡ್ತಿದೆ ಅಂತ ಗೆಳೆಯರು ಶ್ಲೇಷೆ ಮಾಡಿದ್ರಂತೆ. 1799ರ ಅಕ್ಟೋಬರ್ 6ರಂದು, 58ನೇ ವಯಸ್ಸಿನಲ್ಲಿ, ಹೊಸ ಮನೆಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡ. ಎಡ್ಜ್‌ಬಾಸ್ಟನ್‌ನ ಹಳೆ ಚರ್ಚಿನಲ್ಲಿ ಅವನ ಸ್ಮಾರಕ ಇದೆ, ಅದರ ಮೇಲೆ ಫಾಕ್ಸ್‌ಗ್ಲೋವ್ ಕೆತ್ತಿದ್ದಾರೆ. ಡಿಗಾಕ್ಸಿನ್ ಕೊಡೋ ವಾರ್ಡುಗಳಲ್ಲಿ ನರ್ಸ್‌ಗಳು ಇವತ್ತಿಗೂ ಮಾತ್ರೆ ಕೊಡೋ ಮುಂಚೆ ಒಂದು ನಿಮಿಷ ನಾಡಿ ಎಣಿಸ್ತಾರೆ. 60ಕ್ಕಿಂತ ಕಡಿಮೆ ಇದ್ರೆ ಮಾತ್ರೆ ಕೈಯಲ್ಲೇ ಇಟ್ಟುಕೊಂಡು ಡಾಕ್ಟರನ್ನು ಕರೀತಾರೆ.